ದೊರೆಯ ಪೈಪು: ಹಳೆಯ ಇಂಗ್ಲಿಷ್ ಬ್ರಯರ್ ಪೈಪುಗಳ ವಿಚಾರ

ಕೊಳೆರೋಗ, ಬೋರ್ಡೋ ದ್ರಾವಣ, ಕಾಂಡಕೊರಕ ಎಂದು ಓದಿ ರೂಢಿಯಾಗಿರುವ ಸದಸ್ಯ ಬಾಂಧವರಿಗೆ ನಮ್ಮ ಪತ್ರಿಕೆಯಲ್ಲಿ ಹೊಗೆ ಸೇದುವ ಪೈಪಿನ ವಿಚಾರ ಬಂದಿರುವುದು ವಿಚಿತ್ರವಾಗಿ ಕಾಣಬಹುದು. ಆದರೆ ಮಲೆನಾಡಿನಲ್ಲೂ ಕೊಡಗಿನಲ್ಲೂ ಹಳೆಯ ಮನೆಗಳ ಅಟ್ಟ, ಪೆಟ್ಟಿಗೆ, ಗೋಡೆ ಬೀರುಗಳಲ್ಲಿ ಇಂಗ್ಲಿಷ್ ದೊರೆಗಳ ಕಾಲದ ಸಾಮಾನು ಇನ್ನೂ ಅಲ್ಲಲ್ಲಿ ಉಳಿದಿದೆ. ಅಂಥದೊಂದು ವಸ್ತುವನ್ನು ನಾನು ನನ್ನ ಕೈಯಾರೆ ಕೆಡಿಸಿದೆ. ಬೇರೆಯವರು ಅದೇ ತಪ್ಪು ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಪೈಪು ಸೇದಬೇಕೆಂದು ಹೇಳಲು ಅಲ್ಲ. ಹೊಗೆಸೊಪ್ಪು ಏನು ಮಾಡುತ್ತದೆಂಬುದು ಈಗ ಎಲ್ಲರಿಗೂ ಗೊತ್ತು. ನಾನು ಸೇದುವವನೂ ಅಲ್ಲ.

ನನ್ನ ಅಜ್ಜ ಮೂಡಿಗೆರೆ ಸೀಮೆಯ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದವರು. ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾದ ಮೇಲೆ ಎಸ್ಟೇಟು ಮಾರಿ ತಮ್ಮ ದೇಶಕ್ಕೆ ಹೊರಟ ದೊರೆ, ಅಜ್ಜನಿಗೆ ಒಂದು ಗೋಡೆ ಗಡಿಯಾರವನ್ನೂ ತಾವು ಸೇದುತ್ತಿದ್ದ ಒಂದು ಪೈಪನ್ನೂ ಕೊಟ್ಟು ಹೋದರಂತೆ. ಅಜ್ಜ ಎಲೆ ಅಡಿಕೆಯವರು, ಪೈಪನ್ನು ಬಾಯಿಗಿಟ್ಟವರಲ್ಲ. ಅದು ಲೆಕ್ಕದ ಪುಸ್ತಕಗಳ ಜೊತೆ ಪೆಟ್ಟಿಗೆ ಸೇರಿತು. ಗಡಿಯಾರ ಎಂದೋ ನಿಂತುಹೋಯಿತು. ಪೈಪಿನ ಬಗ್ಗೆ ಮಾತ್ರ ಮನೆಯಲ್ಲಿ ಒಂದು ವ್ಯಾಜ್ಯ ಉಳಿದುಕೊಂಡಿತು. ದೊರೆ ರಜೆಗೆ ಊರಿಗೆ ಹೋಗಿದ್ದಾಗ ಲಂಡನ್ನಿನಲ್ಲಿ ಹೊಸದಾಗಿ ಕೊಂಡ ಪೈಪು ಅದು ಎಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ಬಂದವರೇ ಆ ಹೊಸ ಪೈಪು ಕೈಯಲ್ಲಿ ಹಿಡಿದುಕೊಂಡು ರೈಟರ ಮನೆಗೆ ತೊಟ್ಟಿಲು ನೋಡಲು ಬಂದಿದ್ದರು ಎಂಬುದರಲ್ಲೂ ಇರಲಿಲ್ಲ. ಯಾರ ತೊಟ್ಟಿಲು ಎಂಬುದೇ ಪ್ರಶ್ನೆ. 1934ರಲ್ಲಿ ಹುಟ್ಟಿದ ಅಪ್ಪಯ್ಯ ತನ್ನದು ಎನ್ನುತ್ತಿದ್ದರು. 1937ರಲ್ಲಿ ಹುಟ್ಟಿದ ಚಿಕ್ಕಪ್ಪ ತನ್ನದು ಎನ್ನುತ್ತಿದ್ದರು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಊಟದ ನಂತರ ಈ ಮಾತು ಬಾರದೆ ಇರುತ್ತಿರಲಿಲ್ಲ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮನೆ ರಿಪೇರಿ ಮಾಡಿಸುವಾಗ ಪೆಟ್ಟಿಗೆ ಹೊರಗೆ ಬಂತು. ಪೈಪಿನ ಮೈ ಕಪ್ಪಾಗಿ ಜಿಡ್ಡು ಹಿಡಿದಿತ್ತು, ಕೊಳವೆ ಪಾಚಿ ಬಣ್ಣಕ್ಕೆ ತಿರುಗಿತ್ತು. ನಾನು ಉಪ್ಪುಕಾಗದ ತೆಗೆದುಕೊಂಡು ಜಗಲಿಯಲ್ಲಿ ಕೂತು ಮಧ್ಯಾಹ್ನವೆಲ್ಲಾ ಉಜ್ಜಿದೆ. ಆಮೇಲೆ ಹಿತ್ತಾಳೆ ಪಾಲಿಷ್ ಹಾಕಿ ಬಟ್ಟೆಯಲ್ಲಿ ತಿಕ್ಕಿದೆ. ಕನ್ನಡಿಯ ಹಾಗೆ ಹೊಳೆಯಿತು. ಷೋಕೇಸಿನಲ್ಲಿಟ್ಟು ಬಂದವರಿಗೆಲ್ಲಾ ತೋರಿಸಿದೆ.

ಮುಂದಿನ ವರ್ಷ ಬೆಂಗಳೂರಿನಿಂದ ನಮ್ಮ ನೆಂಟರ ಜೊತೆ ಬಂದಿದ್ದ ಒಬ್ಬ ನಿವೃತ್ತ ಇಂಜಿನಿಯರರು ಅದನ್ನು ಕೈಗೆತ್ತಿಕೊಂಡು ಕಿಟಕಿಯ ಬಳಿ ಹೋಗಿ ಓರೆಯಾಗಿ ಹಿಡಿದು ಬಹಳ ಹೊತ್ತು ನೋಡಿದರು. ಹಳೆಯ ಪೈಪು ಸಂಗ್ರಹಿಸುವ ಹವ್ಯಾಸ ಅವರಿಗಿತ್ತು. "ಇದನ್ನು ಉಜ್ಜಿದವರು ಯಾರು?" ಎಂದರು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲಿ ಇದು ಯಾವ ವರ್ಷದ್ದು ಎಂದು ಬರೆದಿತ್ತು" ಎಂದರು. ಎರಡು ತಲೆಮಾರಿನ ವ್ಯಾಜ್ಯದ ತೀರ್ಪು ಆ ಪೈಪಿನ ಕತ್ತಿನ ಮೇಲೆಯೇ ಅಚ್ಚಾಗಿತ್ತೆಂದು ತಿಳಿದದ್ದು ಆಗ.

ಪೈಪಿನ ಹುಚ್ಚು ನನಗೂ ಹಿಡಿದದ್ದು ಆ ದಿನದಿಂದ. ತಿಳಿದುಕೊಂಡದ್ದನ್ನು ಮೊದಲಿನಿಂದ ಹೇಳುತ್ತೇನೆ.

ಬೇರಿನ ಗಂಟು

ಬ್ರಯರ್ ಎಂಬ ಹೆಸರು ಕೇಳಿ ಕಾಡುಗುಲಾಬಿಯ ಮುಳ್ಳುಗಿಡವೆಂದು ತಿಳಿಯುವವರುಂಟು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಫ್ರೆಂಚರ 'ಬ್ರುಯೇರ್' ಎಂಬ ಮಾತು ಇಂಗ್ಲಿಷರ ಬಾಯಲ್ಲಿ ಬ್ರಯರ್ ಆಯಿತು. ಗಿಡದ ಶಾಸ್ತ್ರೀಯ ಹೆಸರು ಎರಿಕಾ ಆರ್ಬೋರಿಯಾ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಒಣ ಕಲ್ಲುಗುಡ್ಡಗಳಲ್ಲಿ, ಅಂದರೆ ಕಾರ್ಸಿಕಾ ದ್ವೀಪ, ದಕ್ಷಿಣ ಇಟಲಿಯ ಕಲಾಬ್ರಿಯ, ಗ್ರೀಸ್, ಅಲ್ಜೀರಿಯ ಮೊದಲಾದ ಕಡೆ ತಾನಾಗಿ ಬೆಳೆಯುವ, ಸಣ್ಣ ಬಿಳಿ ಹೂ ಬಿಡುವ ದೊಡ್ಡ ಪೊದೆ. ಕಾಂಡಕ್ಕೂ ಬೇರಿಗೂ ನಡುವೆ, ಮಣ್ಣಿನ ಮಟ್ಟದಲ್ಲಿ, ಇದಕ್ಕೊಂದು ಗೆಡ್ಡೆಯಂಥ ಗಂಟು ಇರುತ್ತದೆ. ಬೇಸಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದು ಮೇಲಿನದೆಲ್ಲಾ ಸುಟ್ಟುಹೋದರೂ ಈ ಗಂಟಿನಿಂದ ಗಿಡ ಮತ್ತೆ ಚಿಗುರುತ್ತದೆ. ಪೈಪಿಗೆ ಬೇಕಾದದ್ದು ಈ ಗಂಟೇ. ಬಿಗಿಯಾದ ಎಳೆ, ಸುಲಭಕ್ಕೆ ಸುಡದ ಗುಣ, ಕೈಗೆ ಹಗುರ. ಪೈಪಿಗೆ ತಕ್ಕಷ್ಟು ದಪ್ಪವಾಗಲು ಗಂಟಿಗೆ ಮೂವತ್ತು ವರ್ಷವಾದರೂ ಬೇಕು.

ಅಗೆದು ತೆಗೆದ ಗಂಟನ್ನು ಒಣಗಲು ಬಿಟ್ಟರೆ ಸೀಳುತ್ತದೆ. ಆದ್ದರಿಂದ ಒದ್ದೆ ಗೋಣಿ ಹೊದಿಸಿ ನೆರಳಿನಲ್ಲಿಡುತ್ತಾರೆ. ಗರಗಸದವನು ಅಳತೆ ಪಟ್ಟಿ ಇಲ್ಲದೆ, ಒಳಗಿನ ಎಳೆ ಯಾವ ಕಡೆ ಓಡಿದೆ, ಎಲ್ಲಿ ಕಲ್ಲು ಸೇರಿದೆ ಎಂದು ಕಣ್ಣಳತೆಯಲ್ಲೇ ನಿರ್ಧರಿಸಿ ತುಂಡು ಮಾಡುತ್ತಾನೆ. ಆಮೇಲಿನ ಕೆಲಸ ಕೇಳಿದರೆ ಅಡಿಕೆ ಬೆಳೆಗಾರರಿಗೆ ನಗು ಬರಬಹುದು. ತುಂಡುಗಳನ್ನು ದೊಡ್ಡ ತಾಮ್ರದ ಹಂಡೆಗಳಲ್ಲಿ ಹಾಕಿ ಹನ್ನೆರಡು ಗಂಟೆಗೂ ಮಿಕ್ಕಿ ಬೇಯಿಸುತ್ತಾರೆ. ಒಳಗಿನ ಒಗರೆಲ್ಲಾ ನೀರಿಗಿಳಿದು ನೀರು ಕೆಂಪುಗಂದಾಗುತ್ತದೆ. ನಮ್ಮ ಚೊಗರೇ ಸರಿ. ವ್ಯತ್ಯಾಸವೆಂದರೆ ನಾವು ಅದನ್ನು ಅಡಿಕೆಗೆ ಬಣ್ಣ ಕಟ್ಟಲು ಇಟ್ಟುಕೊಳ್ಳುತ್ತೇವೆ, ಅವರು ಚೆಲ್ಲುತ್ತಾರೆ. ಬೆಂದ ತುಂಡುಗಳನ್ನು ನೆರಳಿನಲ್ಲಿ ತಿಂಗಳುಗಟ್ಟಲೆ, ಒಳ್ಳೆಯ ಕಂಪನಿಯಾದರೆ ವರ್ಷಗಟ್ಟಲೆ ಒಣಗಿಸುತ್ತಾರೆ. ಆತುರದಲ್ಲಿ ಒಣಗಿಸಿದ ಮರದ ಪೈಪು ಬಿಸಿಗೆ ಬಿರಿಯುತ್ತದೆ, ರುಚಿಯೂ ಒಗರು. ಹಳೆಯ ಇಂಗ್ಲಿಷ್ ಪೈಪಿಗೆ ಇಂದಿಗೂ ಬೇಡಿಕೆ ಇರುವುದಕ್ಕೆ ಈ ತಾಳ್ಮೆ ಒಂದು ಮುಖ್ಯ ಕಾರಣವೆಂದು ಸಂಗ್ರಾಹಕರು ಹೇಳುತ್ತಾರೆ.

ಬ್ರಯರ್ ಬರುವ ಮೊದಲು ಇಂಗ್ಲೆಂಡಿನ ಸಾಮಾನ್ಯರು ಮಣ್ಣಿನ ಪೈಪು ಸೇದುತ್ತಿದ್ದರು. ಅಗ್ಗ, ಆದರೆ ಕೈತಪ್ಪಿದರೆ ಚೂರು. ಶ್ರೀಮಂತರಿಗೆ ತುರ್ಕಿಯ ಗಣಿಗಳಿಂದ ಬರುವ ಮೀರ್‌ಷಾಮ್ ಎಂಬ ಬಿಳಿಯ ಮೆದುಗಲ್ಲಿನದು. ಫ್ರಾನ್ಸಿನ ಜೂರಾ ಬೆಟ್ಟಗಳಲ್ಲಿರುವ ಸೇಂಟ್ ಕ್ಲೋಡ್ ಎಂಬ ಊರಿನ ಮರಗೆಲಸದವರು 1850ರ ದಶಕದಲ್ಲಿ ಬ್ರಯರ್ ಪೈಪು ಮಾಡತೊಡಗಿದ ಮೇಲೆ ಎರಡೂ ಹಿಂದೆ ಬಿದ್ದವು. ಷರ್ಲಾಕ್ ಹೋಮ್ಸ್ ಎಂದೊಡನೆ ನಮ್ಮ ಕಣ್ಣಿಗೆ ಬರುವ ದೊಡ್ಡ ಡೊಂಕು ಪೈಪು ನಾಟಕ ಸಿನಿಮಾದವರು ಕೊಟ್ಟದ್ದು. ಕಾನನ್ ಡಾಯ್ಲ್ ಬರೆದ ಕಥೆಗಳಲ್ಲಿ ಆತ ಹೆಚ್ಚಾಗಿ ಸೇದುವುದು ಕರಿಯ ಮಣ್ಣಿನ ಪೈಪನ್ನು. ಬ್ರಯರೂ ಒಂದು ಇದೆ.

ಲಂಡನ್ನಿನ ಹೆಸರುಗಳು

ಇಂಗ್ಲಿಷ್ ಪೈಪು ಎನ್ನುತ್ತೇವಾದರೂ ಮರ ಮೆಡಿಟರೇನಿಯನ್‌ನದು, ಮಾಡಿದವರಲ್ಲಿ ಹಲವರು ವಲಸೆ ಬಂದವರು. ರಷ್ಯದಿಂದ ಬಂದ ಫ್ರೆಡರಿಕ್ ಚಾರಟನ್ 1863ರಲ್ಲಿ ಲಂಡನ್ನಿನಲ್ಲಿ ಕೆಲಸ ಪ್ರಾರಂಭಿಸಿದ. ಸೇಂಟ್ ಕ್ಲೋಡಿನ ಪೈಪು ಮನೆತನದ ಹೆನ್ರಿ ಕೊಮೊಯ್ 1879ರಲ್ಲಿ ಬಂದ. ಬಾರ್ಲಿಂಗ್ ಮನೆತನ ಮಾತ್ರ 1812ರಿಂದ ಬೆಳ್ಳಿ ಕೆಲಸ ಮಾಡಿಕೊಂಡಿದ್ದದ್ದು. ಮೀರ್‌ಷಾಮ್ ಪೈಪುಗಳಿಗೆ ಬೆಳ್ಳಿ ಕಟ್ಟುತ್ತಾ ಕಟ್ಟುತ್ತಾ ಪೈಪಿನವರೇ ಆದರು. 1960ರಲ್ಲಿ ಆ ಕುಟುಂಬ ಕಂಪನಿಯನ್ನು ಮಾರಿತು. ಮಾರುವ ಮೊದಲಿನ ಬಾರ್ಲಿಂಗ್‌ಗೂ ಅನಂತರದ್ದಕ್ಕೂ ಸಂಗ್ರಾಹಕರು ಅಜಗಜಾಂತರ ಮಾಡುತ್ತಾರೆ. ಚಾರಟನ್ ಸಂಸ್ಥೆ 1970ರ ದಶಕದಲ್ಲಿ ಡನ್‌ಹಿಲ್ ಕೈ ಸೇರಿತು.

ಈ ಡನ್‌ಹಿಲ್ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. ಆಲ್ಫ್ರೆಡ್ ಡನ್‌ಹಿಲ್ ಎಂಬಾತನ ತಂದೆಯದು ಕುದುರೆ ಜೀನು, ಸರಂಜಾಮಿನ ವ್ಯಾಪಾರ. ಮೋಟಾರು ಬಂದು ಕುದುರೆ ಹೋಗುವ ಕಾಲ ಅದು. ಮಗ ಕುದುರೆಯನ್ನು ಬಿಟ್ಟು ಮೋಟಾರು ಓಡಿಸುವವರಿಗೆ ಬೇಕಾದ ಕೋಟು, ಕನ್ನಡಕ, ದೀಪ, ಹಾರನ್ನು ಮಾರತೊಡಗಿದ. ತೆರೆದ ಮೋಟಾರಿನಲ್ಲಿ ಗಾಳಿಗೆ ಪೈಪು ಆರುತ್ತದೆಂದು 1904ರಲ್ಲಿ ಗಾಳಿ ತಡೆಯಿರುವ ಒಂದು ಪೈಪನ್ನೂ ಮಾಡಿದ. 1907ರಲ್ಲಿ ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ ಹೊಗೆಸೊಪ್ಪಿನ ಅಂಗಡಿ, 1910ರಲ್ಲಿ ಸ್ವಂತ ಪೈಪು ಕಾರ್ಖಾನೆ. ಪೈಪಿನ ಕೊಳವೆಗೆ ಮೇಲು ಯಾವುದು ಕೆಳಗು ಯಾವುದು ಎಂದು ತಿಳಿಯಲಿ ಎಂದು ಇಟ್ಟ ಒಂದು ಬಿಳಿ ಚುಕ್ಕೆಯೇ ಮುಂದೆ ಅವನ ಗುರುತಾಯಿತು. 1917ರಲ್ಲಿ 'ಶೆಲ್' ಎಂಬ ಪೈಪಿಗೆ ಪೇಟೆಂಟ್ ಪಡೆದ. ಬಿಸಿ ಕೊಳವೆಗಳ ಪಕ್ಕ ಮರೆತು ಬಿಟ್ಟ ಒಂದು ಪೈಪಿನ ಮೆದುಭಾಗ ಕುಗ್ಗಿ ಗಟ್ಟಿ ಎಳೆ ಮಾತ್ರ ಎದ್ದು ನಿಂತದ್ದನ್ನು ನೋಡಿ ಈ ಉಪಾಯ ಹೊಳೆಯಿತೆಂದು ಕಥೆ. ಅಲ್ಜೀರಿಯದ ಮೆದು ಬ್ರಯರನ್ನು ಎಣ್ಣೆಯಲ್ಲಿ ಹದ ಮಾಡಿ, ಮರಳನ್ನು ಗಾಳಿಯ ರಭಸದಲ್ಲಿ ಹೊಡೆಸಿ ಮೈಯನ್ನು ಒರಟು ಮಾಡುವ ವಿಧಾನ ಅದು. ಮೊದಲಾದರೆ ಮೂಲೆಗೆ ಬೀಳುತ್ತಿದ್ದಂಥ ಮರಕ್ಕೂ ಹೀಗೆ ಒಳ್ಳೆಯ ಬೆಲೆ ಬಂತು. 1941ರ ಏಪ್ರಿಲಿನಲ್ಲಿ ಜರ್ಮನರ ಬಾಂಬಿಗೆ ಅಂಗಡಿ ನೆಲಸಮವಾದಾಗ ಮನೆತನದವರು ಅವಶೇಷಗಳ ನಡುವೆಯೇ ಮೇಜು ಹಾಕಿ ವ್ಯಾಪಾರ ಮುಂದುವರಿಸಿದರು.

ಡನ್‌ಹಿಲ್‌ನಲ್ಲಿ ಕೆಲಸ ಮಾಡಿ 1919ರಲ್ಲಿ ಹೊರಬಂದ ಜೋಯೆಲ್ ಸಸಿಯೆನಿ ತನ್ನ ಪೈಪಿಗೂ ಒಂದು ಚುಕ್ಕೆ ಇಟ್ಟ. ಆಮೇಲೆ ಅದನ್ನು ಬಿಟ್ಟು ನಾಲ್ಕು ಚುಕ್ಕೆ ಇಟ್ಟ. ನಾಲ್ಕು ಚುಕ್ಕೆಯ ಸಸಿಯೆನಿ ಈಗ ಡನ್‌ಹಿಲ್‌ನಷ್ಟೇ ಗೌರವದ ವಸ್ತು. ಕೊಮೊಯ್ ಕೊಳವೆಯಲ್ಲಿ 'ಸಿ' ಅಕ್ಷರ. ಹಳೆಯದರಲ್ಲಿ ಆ ಅಕ್ಷರವನ್ನು ಮೂರು ಸಲ ಕೊರೆದು ಕೂರಿಸಿರುತ್ತಾರೆ, ಬರಿಯ ಅಚ್ಚಲ್ಲ. ಇನ್ನು ಮರದಲ್ಲಿ ಸಣ್ಣ ತೂತು, ಕಲೆ ಬಂದು ಮೊದಲ ದರ್ಜೆಯಿಂದ ತೆಗೆದುಹಾಕಿದ ಪೈಪುಗಳನ್ನು ಡನ್‌ಹಿಲ್‌ನವರು 1920ರ ದಶಕದಿಂದ 'ಪಾರ್ಕರ್' ಎಂಬ ಬೇರೆ ಹೆಸರಿನಲ್ಲಿ ಮಾರುತ್ತಿದ್ದರು. ನಾವು ಅಡಿಕೆಯಲ್ಲಿ ಗೊರಬಲನ್ನು ಬೇರೆ ಮಾಡುವ ಹಾಗೆ. ನನ್ನ ಅಭಿಪ್ರಾಯದಲ್ಲಿ ಹೊಸಬರು ಕಡಿಮೆ ಬೆಲೆಯ ಇಂಥ ಪೈಪುಗಳಿಂದ ಶುರುಮಾಡಿ ಕಣ್ಣು ಪಳಗಿಸಿಕೊಳ್ಳುವುದು ಒಳ್ಳೆಯದು.

ಅಚ್ಚು ಓದುವ ಬಗೆ

ಪೈಪಿನಲ್ಲಿ ಹೊಗೆಸೊಪ್ಪು ತುಂಬುವುದು ಬಟ್ಟಲು, ಬಾಯಿಗಿಡುವುದು ಕೊಳವೆ. ಬಟ್ಟಲಿನಿಂದ ಕೊಳವೆಯವರೆಗೆ ಚಾಚಿರುವ ಮರದ ಭಾಗವನ್ನು ನಾನು ಕತ್ತು ಎನ್ನುತ್ತಿದ್ದೇನೆ. ಪೈಪಿನ ಜಾತಕ ಇರುವುದು ಈ ಕತ್ತಿನ ಎರಡು ಪಕ್ಕಗಳಲ್ಲಿ, ಒತ್ತಿದ ಸಣ್ಣ ಅಕ್ಷರಗಳಲ್ಲಿ. ಕಂಪನಿಯ ಹೆಸರು, ಆಕಾರದ ನಂಬರು, ದರ್ಜೆ, ದೇಶ. 1890ರಲ್ಲಿ ಅಮೆರಿಕ ಮಾಡಿದ ಸುಂಕದ ಕಾಯಿದೆಯ ಪ್ರಕಾರ ಆಮದು ಸರಕಿನ ಮೇಲೆ ದೇಶದ ಹೆಸರಿರಬೇಕಾಗಿತ್ತು. ಅಲ್ಲಿಗೆ ಹೋಗುವ ಸರಕಿನ ಮೇಲೆ ಇಂಗ್ಲೆಂಡ್ ಎಂದು ಅಚ್ಚೊತ್ತುವುದು ರೂಢಿಗೆ ಬಂದದ್ದು ಹೀಗೆ.

ಡನ್‌ಹಿಲ್‌ನವರು 1920ರ ದಶಕದಿಂದ 'ಮೇಡ್ ಇನ್ ಇಂಗ್ಲೆಂಡ್' ಎಂಬುದರ ಕೊನೆಯ 'ಡಿ' ಅಕ್ಷರದ ಪಕ್ಕದಲ್ಲಿ, ಸ್ವಲ್ಪ ಮೇಲಕ್ಕೆ, ಕೆಳಗೆ ಗೀಟು ಹಾಕಿದ ಚಿಕ್ಕ ಅಂಕೆ ಒತ್ತುತ್ತಿದ್ದರು. 5 ಎಂದಿದ್ದರೆ 1925, 14 ಎಂದಿದ್ದರೆ 1934. ಮುಂದೆ ಎಣಿಕೆ ಮತ್ತೆ ಮೊದಲಿನಿಂದ ಶುರುವಾದದ್ದರಿಂದ ಬರಿಯ 5 ನೋಡಿ 1925 ಎಂದುಬಿಡುವಂತಿಲ್ಲ. ಅದು 1955 ಇರಬಹುದು, ಅಂಕೆ 'ಡಿ' ಅಕ್ಷರದಷ್ಟೇ ದೊಡ್ಡದಾಗಿದ್ದರೆ 1965 ಇರಬಹುದು. ಪೇಟೆಂಟ್ ನಂಬರು ಇದೆಯೇ, ವೃತ್ತದೊಳಗೆ ಗಾತ್ರದ ಅಂಕೆ ಇದೆಯೇ ಎಂದು ಒಟ್ಟಿಗೆ ನೋಡಿ ತೀರ್ಮಾನಿಸಬೇಕು. ವೃತ್ತದ ಅಂಕೆ ಬಂದದ್ದು 1950ರ ದಶಕದಲ್ಲಿ. ಅಮೆರಿಕದ ಸಂಗ್ರಾಹಕ ಜಾನ್ ಲೋರಿಂಗ್ ಎಂಬವರು ಸಾವಿರಾರು ಪೈಪುಗಳ ಇಂಥ ಗುರುತುಗಳನ್ನು ತಾಳೆ ನೋಡಿ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಕತ್ತಿಗೆ ಬೆಳ್ಳಿಯ ಪಟ್ಟಿ ಇದ್ದರೆ ಇನ್ನೂ ಸುಲಭ. ಇಂಗ್ಲೆಂಡಿನಲ್ಲಿ ಬೆಳ್ಳಿಯನ್ನು ಪರೀಕ್ಷಾ ಕಚೇರಿಯಲ್ಲಿ ತೋರಿಸಿ ಮುದ್ರೆ ಹಾಕಿಸಬೇಕಾಗಿತ್ತು. ನಡೆಯುವ ಸಿಂಹ ಇದ್ದರೆ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿ. ಲಂಗರು ಬರ್ಮಿಂಗ್‌ಹ್ಯಾಮಿನ ಗುರುತು, ಚಿರತೆಯ ತಲೆ ಲಂಡನ್ನಿನದು, ಮೂರು ಗೋಧಿ ಸಿವುಡು ಮತ್ತು ಕತ್ತಿ ಚೆಸ್ಟರ್ ಪಟ್ಟಣದ್ದು. ಚೆಸ್ಟರ್ ಕಚೇರಿ 1962ರಲ್ಲಿ ಮುಚ್ಚಿತು. ಇವುಗಳ ಪಕ್ಕದಲ್ಲಿ ವರ್ಷಕ್ಕೊಂದರಂತೆ ಬದಲಾಗುವ ಅಕ್ಷರ. ಬರ್ಮಿಂಗ್‌ಹ್ಯಾಮಿನಲ್ಲಿ 1925ಕ್ಕೂ 'ಎ', 1950ಕ್ಕೂ 'ಎ'. ಅಕ್ಷರದ ರೂಪ ಮತ್ತು ಸುತ್ತಲಿನ ಚೌಕಟ್ಟಿನ ಆಕಾರ ನೋಡಿ ಬಿಡಿಸಬೇಕು. ಆ ಕಾಲದಲ್ಲಿ ಅಕ್ಷರ ವರ್ಷದ ನಡುವೆ ಬದಲಾಗುತ್ತಿದ್ದರಿಂದ ಒಂದು ಅಕ್ಷರಕ್ಕೆ ಎರಡು ವರ್ಷಗಳ ಅರ್ಧರ್ಧ ಸೇರುತ್ತದೆ. ಬಿಳಿಯ ಪಟ್ಟಿಯೆಲ್ಲಾ ಬೆಳ್ಳಿಯಲ್ಲ ಎಂಬುದೂ ನೆನಪಿರಲಿ. ನಿಕ್ಕಲ್ ಪಟ್ಟಿಗೆ ಬೆಳ್ಳಿ ಮುದ್ರೆಯಂತೆಯೇ ಕಾಣುವ ಚಿತ್ರಗಳನ್ನು ಒತ್ತಿದ್ದು ಬಹಳ ಇದೆ. ಪಟ್ಟಿ ಕಂಪನಿಯ ಹೆಸರಿನ ಮೇಲೆಯೇ ಅರ್ಧ ಕೂತಿದ್ದರೆ ಅದು ಆಮೇಲೆ ಸೇರಿಸಿದ್ದು. ಬಹುಮಟ್ಟಿಗೆ ಒಳಗೆ ಕತ್ತು ಬಿರುಕು ಬಿಟ್ಟಿರುತ್ತದೆ.

ಕೊಳವೆಯ ಮೇಲಿನ ಚುಕ್ಕೆಯೊಂದನ್ನೇ ನಂಬಬಾರದು. ಕೊಳವೆ ಕಳೆದರೆ, ಕಚ್ಚಿ ತೂತಾದರೆ ಬೇರೆಯದು ಹಾಕಿಸುತ್ತಿದ್ದರು. ಮರದ ಮೇಲಿನ ಅಕ್ಷರಕ್ಕೂ ಕೊಳವೆಯ ಗುರುತಿಗೂ ಹೊಂದಾಣಿಕೆ ಇದೆಯೇ ನೋಡಬೇಕು. ಅಕ್ಷರ ಉಳಿದಿರುವ ಕೊಳಕು ಪೈಪಿಗೂ ಅಕ್ಷರ ಅಳಿಸಿದ ಹೊಳೆಯುವ ಪೈಪಿಗೂ ಬೆಲೆಯಲ್ಲಿ ಹೋಲಿಕೆಯೇ ಇಲ್ಲ. ಇದನ್ನು ನನ್ನಷ್ಟು ಚೆನ್ನಾಗಿ ಬಲ್ಲವರು ನಮ್ಮ ತಾಲ್ಲೂಕಿನಲ್ಲಿ ಯಾರೂ ಇರಲಾರರು.

ಮನೆಯಲ್ಲಿ ಸಿಕ್ಕಿದರೆ

ಮೊದಲು ಏನೂ ಮಾಡಬೇಡಿ. ಬಿಸಿಲಿನಲ್ಲೋ ಟಾರ್ಚಿನಲ್ಲೋ ಬೆಳಕು ಓರೆಯಾಗಿ ಬೀಳುವಂತೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿ, ಕಂಡದ್ದನ್ನು ಕಂಡ ಹಾಗೆಯೇ ಬರೆದಿಟ್ಟು ಫೋಟೋ ತೆಗೆಯಿರಿ. ಮೈಯ ಜಿಡ್ಡಿಗೆ ಸ್ವಲ್ಪ ಒದ್ದೆ ಮಾಡಿ ಹಿಂಡಿದ ಬಟ್ಟೆ ಸಾಕು, ಅದನ್ನೂ ಅಕ್ಷರದ ಮೇಲೆ ತಿಕ್ಕಬಾರದು. ಮಿಷನ್ನಿನಲ್ಲಿ ತಿರುಗುವ ಪಾಲಿಷ್ ಚಕ್ರದ ಹತ್ತಿರ ಸುಳಿಯಲೇಬೇಡಿ. ಅದು ಒಂದೆರಡು ನಿಮಿಷದಲ್ಲಿ ಮಾಡುವ ಹಾನಿಗೆ ನನಗೆ ಒಂದು ಮಧ್ಯಾಹ್ನ ಬೇಕಾಯಿತು.

ಕೊಳವೆ ಹಸಿರು ಮಿಶ್ರಿತ ಕಂದಾಗಿದ್ದರೆ ಗಾಬರಿಪಡಬೇಕಾಗಿಲ್ಲ. ಅದು ವಲ್ಕನೈಟ್, ಅಂದರೆ ರಬ್ಬರಿಗೆ ಬಹಳಷ್ಟು ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡಿದ ವಸ್ತು. ನಮ್ಮಲ್ಲಿ ರಬ್ಬರು ಹಾಕಿದವರಿಗೆ ಇದು ತಮ್ಮ ಮಾಲೇ ಎಂದು ಸಂತೋಷವಾಗಬಹುದು. ಬೆಳಕು, ತೇವಕ್ಕೆ ಮೇಲ್ಮೈಯ ಗಂಧಕ ಹೊರಬಿದ್ದು ಬಣ್ಣ ತಿರುಗುತ್ತದೆ. ಆದ್ದರಿಂದ ಪೈಪನ್ನು ಕಿಟಕಿಯ ಬಿಸಿಲಿಗೆ ಇಡಬಾರದು, ನಮ್ಮ ಮಳೆಗಾಲದಲ್ಲಿ ಮುಚ್ಚಿದ ಪ್ಲಾಸ್ಟಿಕ್ ಚೀಲದಲ್ಲೂ ಇಡಬಾರದು, ಬೂಷ್ಟು ಹಿಡಿಯುತ್ತದೆ. ಕೊಳವೆ ಬಿಗಿಯಾಗಿ ಕೂತಿದ್ದರೆ ಎಳೆಯಬೇಡಿ. ತಿರುಪಿ ಎಳೆದ ಎಷ್ಟೋ ಪೈಪುಗಳ ಕತ್ತು ಸೀಳಿದೆ. ಬಟ್ಟಲಿನೊಳಗಿನ ಇದ್ದಿಲ ಪದರ ಕೊಳೆಯಲ್ಲ, ತೆಳ್ಳಗಿದ್ದರೆ ಮರವನ್ನು ಕಾಯುವುದೇ ಅದು. ಬಹಳ ದಪ್ಪವಾದರೆ ಮಾತ್ರ ಬಟ್ಟಲು ಬಿರಿಯುತ್ತದೆ. ಇದನ್ನು ತೆಳ್ಳಗೆ ಮಾಡುವುದು ತಿಳಿದವರ ಕೆಲಸ, ಚಾಕು ಹಾಕಬೇಡಿ.

ಮಾರುವ ಯೋಚನೆ ಇದ್ದವರಿಗೆ ಒಂದು ಮಾತು. ನೂರು ವರ್ಷ ದಾಟಿದ ಕರಕುಶಲ ವಸ್ತುಗಳು 1972ರ ಪುರಾತನ ವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ, ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. 1920ರ ದಶಕದ ಪೈಪುಗಳು ಈಗ ಆ ಗಡಿಗೆ ಬಂದು ಮುಟ್ಟುತ್ತಿವೆ. ಹೊರದೇಶದವರು ಕೇಳಿದರೆಂದು ಅಂಚೆಗೆ ಹಾಕುವ ಮೊದಲು ಪುರಾತತ್ವ ಇಲಾಖೆಯವರನ್ನು ವಿಚಾರಿಸುವುದು ಕ್ಷೇಮ.

ನಮ್ಮ ಪೈಪಿಗೆ ಮರಳುತ್ತೇನೆ. ಆ ದಿನ ಇಂಜಿನಿಯರರು ಜೇಬಿನಿಂದ ಭೂತಗನ್ನಡಿ ತೆಗೆದು ನನಗೂ ತೋರಿಸಿದರು. ಹೆಸರು ಪೂರ್ತಿ ಹೋಗಿತ್ತು, 'ಮೇಡ್ ಇನ್' ಅರ್ಧ ಹೋಗಿತ್ತು. 'ಡಿ' ಇದ್ದ ಜಾಗದ ಆಚೆ 1 ಎಂಬ ಗೀಟು ಮಸುಕಾಗಿ ಉಳಿದಿತ್ತು. ಅದರ ಪಕ್ಕದಲ್ಲಿ ಇನ್ನೊಂದು ಅಂಕೆಯ ಕಾಲಿನ ತುದಿ. 4ಕ್ಕೂ ಒಂದೇ ಕಾಲು, 7ಕ್ಕೂ ಒಂದೇ ಕಾಲು. ಕಾಲು ನೆಟ್ಟಗಿದೆಯೇ ಓರೆಯಾಗಿದೆಯೇ ಎಂದು ಹೇಳುವಷ್ಟನ್ನು ಉಪ್ಪುಕಾಗದ ಉಳಿಸಿರಲಿಲ್ಲ. ಅಪ್ಪಯ್ಯ ಅದನ್ನು ಕೇಳಿ ಏನೂ ಅನ್ನಲಿಲ್ಲ. ಕನ್ನಡಿ ಇಸಿದುಕೊಂಡು ತಾನೂ ಒಮ್ಮೆ ನೋಡಿ, ಪೈಪನ್ನು ಮತ್ತೆ ಲೆಕ್ಕದ ಪುಸ್ತಕಗಳ ಪೆಟ್ಟಿಗೆಯಲ್ಲೇ ಇಟ್ಟರು.

ಅಪ್ಪಯ್ಯ ತೀರಿಕೊಂಡು ಒಂಬತ್ತು ವರ್ಷವಾಯಿತು. ಚಿಕ್ಕಪ್ಪ ಕಳೆದ ದೀಪಾವಳಿಗೆ ಬಂದಿದ್ದಾಗ ಊಟವಾದ ಮೇಲೆ ಪೈಪನ್ನು ತರಿಸಿಕೊಂಡು ತೊಡೆಯ ಮೇಲಿಟ್ಟುಕೊಂಡರು. "ನೀನು ಉಜ್ಜಿದ್ದು ಏಳನ್ನೇ ಕಣೋ" ಎಂದರು. ಆಮೇಲೆ ಯಾರಾದರೂ ಇಲ್ಲವೆನ್ನುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದರು.